ತೆರೆದ ಗೇಟಿನಲ್ಲಿ ಮಸಿ

ಮನೆಯ ಪಾಠಗಳೆಲ್ಲ ಮಸಿಗೆ ಐದು ವಾರದಲ್ಲಿ ಬಂದವು, ಗೇಟಿನದೊಂದು ಬಿಟ್ಟು.

ಒಲೆ ಉರಿಯುವಾಗ ಅಡುಗೆಮನೆಯ ಹೊಸಿಲು ದಾಟಬಾರದು ಎನ್ನುವುದು ಎರಡೇ ದಿನಕ್ಕೆ ತಲೆಗೆ ಹತ್ತಿತು. ಇಸ್ತ್ರಿಪೆಟ್ಟಿಗೆಯ ವೈರನ್ನು ಕಂಡರೆ ಸುತ್ತುಹಾಕಿಕೊಂಡು ಹೋಗುವುದನ್ನು ಕಲಿಯಿತು. ಮೆಟ್ಟಿಲಿನಲ್ಲಿ ಜನರ ಕಾಲಿಗೆ ಅಡ್ಡ ಬರದೆ ಗೋಡೆಯ ಪಕ್ಕ ಇಳಿಯುವುದನ್ನು, ಬಾಗಿಲ ಗಂಟೆ ಬಾರಿಸಿದರೆ ಒಂದೇ ಸಲ ಬೊಗಳಿ ತನ್ನ ಚಾಪೆಗೆ ಹೋಗಿ ಮಲಗುವುದನ್ನು, ಬಂದವರ ಮೈಮೇಲೆ ಹಾರದೆ ಇರುವುದನ್ನು ಕಲಿಯಿತು. ಬಾಯಿಗೆ ಹಾಕಿಕೊಂಡದ್ದನ್ನು ‘ಬಿಡು’ ಎಂದರೆ ಬಿಡಬೇಕು. ಹೊಲಿಗೆ ಮನೆಯಲ್ಲಿ ಇದು ಪ್ರಾಣದ ಪ್ರಶ್ನೆ, ನೆಲದ ಮೇಲೆ ಗುಂಡುಸೂಜಿ ಬೀಳದ ದಿನವೇ ಇಲ್ಲ. ಮೊದಲ ವಾರ ಅದು ದೊಡ್ಡಮ್ಮನ ಅಂಗೈಗೆ ಬಿಟ್ಟುಕೊಟ್ಟದ್ದು ಒಂದು ತುಂಡು ಸೀಮೆಸುಣ್ಣ, ಎರಡು ಹುಕ್ಕು ಮತ್ತು ಪಕ್ಕದ ಮನೆಯವರ ಚಪ್ಪಲಿಯ ಪಟ್ಟಿ. ಎರಡನೆಯ ವಾರದಿಂದ ಬಾಯಿ ಖಾಲಿ.

ಬೀದಿಗೆಲ್ಲ ಅವಳು ಟೈಲರಮ್ಮ. ದೊಡ್ಡಮ್ಮ ಎಂದು ಕರೆಯುವವಳು ಒಬ್ಬಳೇ, ತಂಗಿಯ ಮಗಳು ಗುಂಡಿ. ಕೂಸಾಗಿದ್ದಾಗ ಅಂಗಿಯ ಗುಂಡಿಯೊಂದನ್ನು ನುಂಗಿ ಎರಡು ದಿನ ಇಡೀ ಮನೆಯನ್ನು ಕಾಯಿಸಿದ್ದಕ್ಕೆ ಅಂಟಿದ ಹೆಸರು ಅದು, ಒಂಬತ್ತು ವರ್ಷವಾದರೂ ಬಿಟ್ಟುಹೋಗಿರಲಿಲ್ಲ. ಗುಂಡಿಯ ಅಪ್ಪ ದೂರದೂರುಗಳ ಬಸ್ಸಿನ ಡ್ರೈವರ್. ತಿಂಗಳಿಗೆ ಎರಡು ಭಾನುವಾರ ಮನೆ ಕಂಡರೆ ಹೆಚ್ಚು. ಹಾಗಾಗಿ ಏಳು ತಿಂಗಳ ಹಿಂದೆ ತಂಗಿ ತೀರಿಕೊಂಡಾಗ ಮಗು ದೊಡ್ಡಮ್ಮನ ಮನೆಗೆ ಬಂತು. ಮಗುವಿನ ಹಿಂದೆ ಕಪ್ಪು ನಾಯಿಯೂ ಬಂತು.

ತಂಗಿ ಸತ್ತದ್ದು ಇದೇ ಮನೆಯ ಮುಂದೆ. ಎರಡು ದಿನ ಇದ್ದು ಹೊರಟಿದ್ದಳು. ಬಾಡಿಗೆ ಕಾರು ರಸ್ತೆಯ ಆಚೆ ಬದಿಗೆ ನಿಂತಿತ್ತು. ಅವಳು ಗೇಟನ್ನು ಅಗಲ ತೆರೆದು, ಮಸಿಯನ್ನು ಗೇಟಿನ ಒಳಗೆ ಕೂರಿಸಿ, ಚೀಲಗಳನ್ನು ಡಿಕ್ಕಿಗೆ ಇಡಲು ರಸ್ತೆ ದಾಟಿದಳು. ಮಗು ಮರೆತ ನೀರಿನ ಬಾಟಲಿಗೆ ಮತ್ತೆ ಒಳಗೆ ಓಡಿ ಬಂದಿತ್ತು. ದೊಡ್ಡಮ್ಮ ಕತ್ತರಿಸುವ ಮೇಜಿನ ಮುಂದಿದ್ದಳು. ನರ್ಸಿಂಗ್ ಹೋಮಿನ ಇಪ್ಪತ್ತು ಬಿಳಿ ಕೋಟು ಮರುದಿನಕ್ಕೆ ಆಗಬೇಕಿತ್ತು, ನಿಂತಲ್ಲಿಂದಲೇ “ಹೋಗಿ ಬಾರೇ” ಎಂದಿದ್ದಳು. ಆಮೇಲೆ ಏನಾಯಿತೆಂದರೆ, ನಾಯಿ ತಾನಾಗಿ ಎದ್ದು ನೆಟ್ಟಗೆ ರಸ್ತೆಗೆ ನಡೆಯಿತು. ತಂಗಿ ಕೈಯ ಚೀಲ ಬಿಟ್ಟು ಅದನ್ನು ತಡೆಯಲು ಓಡಿದಳು. ಹಾಲಿನ ವ್ಯಾನಿನವನು ಬ್ರೇಕು ಒತ್ತಿದ್ದೇನೋ ನಿಜ.

ನಾಯಿಗೆ ಒಂದು ಕೂದಲೂ ಕೊಂಕಲಿಲ್ಲ.

“ಅಕ್ಕ, ಅದರ ಮುಖ ನೋಡಿದ್ರೆ ನನಗೆ ಸ್ಟೇರಿಂಗ್ ಹಿಡಿಯೋಕಾಗಲ್ಲ,” ಎಂದಿದ್ದ ತಂಗಿಯ ಗಂಡ, ಐದು ವಾರದ ಹಿಂದೆ ಬಂದಾಗ. “ಇಟ್ಟಿಗೆ ಭಟ್ಟಿ ಕಾಯೋನಿಗೆ ಒಂದು ನಾಯಿ ಬೇಕಂತೆ. ಸರಪಳಿ ಹಾಕಿ ಕಟ್ಕೋತಾನೆ. ಅಲ್ಲಿಗೆ ಬಿಟ್ಟು ಬರ್ತೀನಿ.”

ಆ ಮಾತು ಕೇಳಿದ ಗುಂಡಿ ನಾಯಿಯನ್ನು ತಬ್ಬಿಕೊಂಡು ಕತ್ತರಿಸುವ ಮೇಜಿನ ಕೆಳಗೆ ಹೊಕ್ಕಳು. ಊಟಕ್ಕೆ ಕರೆದರೆ ಬರಲಿಲ್ಲ, ಮಾತಿಗೆ ಬಾಯಿ ತೆಗೆಯಲಿಲ್ಲ. ತಾಯಿ ಸತ್ತಾಗಲೂ ಮಗು ಅಷ್ಟು ಮೂಕವಾಗಿರಲಿಲ್ಲ. ಎರಡನೆಯ ದಿನ ದೊಡ್ಡಮ್ಮನೇ ತಂಗಿಯ ಗಂಡನ ಮುಂದೆ ನಿಂತು, “ಆರು ವಾರ ಕೊಡಿ. ಗೇಟು ಹಾರುಹೊಡೆದಿದ್ರೂ ಕೂತಲ್ಲೇ ಕೂರೋ ಹಾಗೆ ಮಾಡ್ತೀನಿ,” ಎಂದಳು.

“ಕೂತ್ರೆ ಇರಲಿ. ಎದ್ರೆ ಅವತ್ತೇ ಕರ್ಕೊಂಡು ಹೋಗ್ತೀನಿ. ಆಮೇಲೆ ಮಗೂನ ಮುಂದಿಟ್ಕೊಂಡು ನನ್ನ ಬಾಯಿ ಕಟ್ಟಬಾರ್ದು.”

“ಕಟ್ಟಲ್ಲ.”

ಐದು ವಾರ ಹೋಗಿ ಇನ್ನೊಂದು ಉಳಿದಿತ್ತು, ಅದರ ಭಾನುವಾರ ಪರೀಕ್ಷೆ.

ಜಾಗ್ರತೆ ಎನ್ನುವುದು ದೊಡ್ಡಮ್ಮನ ಹುಟ್ಟುಗುಣ. ಗ್ಯಾಸಿನ ತಿರುಪನ್ನು ಮೂರು ಸಲ ಮುಟ್ಟಿ ನೋಡದೆ ಮನೆ ಬಿಟ್ಟವಳಲ್ಲ. ನಾಯಿಯ ಕೊರಳಿಗೆ ಉದ್ದನೆಯ ನೈಲಾನ್ ಹಗ್ಗ ಹಾಕಿ, ಇನ್ನೊಂದು ತುದಿಯನ್ನು ಹೊಲಿಗೆ ಕೋಣೆಯ ಕಿಟಕಿ ಸರಳಿಗೆ ಬಿಗಿದಿದ್ದಳು. ಗೇಟಿನಿಂದ ಎರಡು ಮೊಳ ಆಚೆಗೆ ಹೋದರೆ ಹಗ್ಗ ಸೆಳೆಯಬೇಕು, ಅಷ್ಟು ಲೆಕ್ಕ ಹಾಕಿ ಅಳೆದ ಹಗ್ಗ. ಗೇಟು ತೆರೆದು, ‘ಕೂರು’ ಎಂದು ಪಕ್ಕದಲ್ಲೇ ನಿಲ್ಲುವಳು. ಮಸಿ ಕಲ್ಲಿನ ಹಾಗೆ ಕೂರುವುದು. ಎದುರಿಗೆ ಬೆಕ್ಕು ದಾಟಿತು, ಸೈಕಲ್ಲು ಹೋಯಿತು, ಬೇರೆ ನಾಯಿ ಬಂದು ಬಾಲ ಅಲ್ಲಾಡಿಸಿ ಆಸೆ ತೋರಿಸಿತು. ಇದು ಕಣ್ಣಿನಲ್ಲೇ ಮಾತಾಡಿಸಿ ಕಳಿಸಿತು. ಕಾಲು ಗಂಟೆ ಕೂತ ದಿನವೂ ಇತ್ತು.

ಅವಳು ಒಳಗೆ ಹೋಗಿ ಕೆಲಸಕ್ಕೆ ನಿಂತಳೋ, ಆಗ ಅದು ಏಳುತ್ತಿತ್ತು.

ಒಡನೆ ಅಲ್ಲ. ಕೆಲವೊಮ್ಮೆ ಐದು ನಿಮಿಷ, ಕೆಲವೊಮ್ಮೆ ಹದಿನೈದು. ಕಿಟಕಿಯ ಮುಂದೆಯೇ ಅವಳ ಮೇಜು. ತಲೆ ಎತ್ತಿದರೆ ಗೇಟು, ಗೇಟಿನಲ್ಲಿ ಅದರ ಕಪ್ಪು ಬೆನ್ನು. ಅವಳು ನೋಡುತ್ತಿದ್ದಂತೆಯೇ ಮಸಿಯ ಕಿವಿ ನೆಟ್ಟಗಾಗುತ್ತಿತ್ತು. ಕತ್ತು ಹಿಂದಕ್ಕೆ ತಿರುಗಿ ಕಿಟಕಿಯತ್ತ ನೋಡುತ್ತಿತ್ತು. ಆದರೆ ಅವಳ ಮುಖವನ್ನಲ್ಲ. ಅವಳ ಬಲಭುಜದಿಂದ ತುಸು ಆಚೆಗೆ, ಯಾರೋ ಪಕ್ಕದಲ್ಲಿ ನಿಂತಿದ್ದರೆ ಅವರ ಕೈ ಇರುವ ಎತ್ತರಕ್ಕೆ. ನೋಡಿ, ಅಪ್ಪಣೆ ಸಿಕ್ಕಿದ ಹಾಗೆ ಒಂದು ಸಲ ಬಾಲ ಆಡಿಸಿ, ಎದ್ದು ರಸ್ತೆಗೆ ನಡೆಯುತ್ತಿತ್ತು. ಓಟವಲ್ಲ, ಗಾಬರಿಯಲ್ಲ. ಕರೆದವರ ಬಳಿಗೆ ಹೋಗುವ ನಡಿಗೆ. ಹಗ್ಗ ಸೆಳೆದಾಗ ಅಲ್ಲೇ ನಿಂತು ರಸ್ತೆಯ ಆಚೆ ಬದಿಯನ್ನು, ಕಾರು ನಿಂತಿದ್ದ ಜಾಗವನ್ನು ನೋಡುತ್ತಿತ್ತು.

ಮೊದಲ ಸಲ ನೋಡಿದಾಗ ದೊಡ್ಡಮ್ಮನ ಕೈಯ ಸೀಮೆಸುಣ್ಣ ಬಿತ್ತು. ಬಲಕ್ಕೆ ತಿರುಗಿ ನೋಡಿದಳು. ಮೇಜಿನ ಅಂಚು, ಗೋಡೆ, ಗೋಡೆಯ ಮೊಳೆಗೆ ತೂಗುಹಾಕಿದ್ದ ತಂಗಿಯ ಕೈಚೀಲ. ಆ ದಿನ ರಸ್ತೆಯಲ್ಲಿ ಬಿದ್ದಿದ್ದ ಚೀಲ. ಯಾರೋ ತಂದು ಅಲ್ಲಿ ತೂಗುಹಾಕಿದ್ದರು, ತೆಗೆಯುವ ಧೈರ್ಯ ಯಾರಿಗೂ ಬಂದಿರಲಿಲ್ಲ.

ಅವಳು ದೆವ್ವ ಭೂತ ಎಂದು ನಂಬುವವಳಲ್ಲ. ಕಾಲೇಜು ಓದಿದವಳು, ನಂಬದಿರಲು ಕಾರಣಗಳೂ ಅವಳಲ್ಲಿದ್ದವು. ಆದರೂ ಅಂದಿನಿಂದ ಮೇಜಿನ ಬಲಬದಿಯಲ್ಲಿ ಸ್ವಲ್ಪ ಜಾಗ ಬಿಟ್ಟು ನಿಲ್ಲತೊಡಗಿದಳು.

ಸಾಲದ್ದಕ್ಕೆ ಫ್ಲಾನೆಲ್ ಬಟ್ಟೆ. ಬೆಳಗ್ಗೆ ಕೆಲಸಕ್ಕೆ ಬಂದು ನೋಡಿದರೆ ಮೇಜಿನ ಬಲ ಅಂಚಿನಲ್ಲಿ ದಪ್ಪ ಫ್ಲಾನೆಲ್ಲಿನ ತುಂಡೊಂದು ನಾಲ್ಕು ಮಡಿಕೆಯಾಗಿ ಕೂತಿರುತ್ತಿತ್ತು. ಅವಳು ಇಟ್ಟದ್ದಲ್ಲ. ತೆಗೆದು ಡಬ್ಬಿಗೆ ಹಾಕಿದರೆ ಮಾರನೆಯ ದಿನ ಮತ್ತೆ ಅಲ್ಲೇ, ಅಂಚಿಗೆ ಅಂಚು ಕೂಡಿಸಿ, ತಂಗಿ ಕರವಸ್ತ್ರ ಮಡಿಸುತ್ತಿದ್ದ ಹಾಗೆ. ಗುಂಡಿಯನ್ನು ಕೇಳಿದಳು. “ಗೊತ್ತಿಲ್ಲ,” ಎಂದಿತು ಮಗು, ನಾಯಿಯ ಕಿವಿ ಕೆರೆಯುತ್ತ. ಆಮೇಲೆ ಒಂದು ದಿನ ಮರದ ಸ್ಕೇಲು ಕಾಣೆಯಾಯಿತು. ಇಪ್ಪತ್ತೆರಡು ವರ್ಷದಿಂದ ಅವಳ ಬಲಗೈಗೆ ಒಗ್ಗಿದ್ದ ಸ್ಕೇಲು, ಗುರುತು ಮಾಡಿ ಮಾಡಿ ಅಂಚೆಲ್ಲ ನೀಲಿ ಬಿದ್ದಿತ್ತು. ಮನೆಯೆಲ್ಲ ಜಾಲಾಡಿದಳು. ಎರಡು ದಿನದ ಮೇಲೆ ಅದು ಸಿಕ್ಕಿದ್ದು ತಂಗಿಯ ಕೈಚೀಲದೊಳಗೆ, ಬಾಚಣಿಗೆಯ ಪಕ್ಕದಲ್ಲಿ, ಅರ್ಧ ಹೊರಗೆ ತಲೆ ಹಾಕಿಕೊಂಡು.

ತಂಗಿಗೆ ಆ ಸ್ಕೇಲಿನ ಮೇಲೆ ಕೋಪವಿತ್ತು. ಬಟ್ಟೆಗೆ ಗೆರೆ ಎಳೆದಾದ ಮೇಲೆ ಸುಣ್ಣದ ಪುಡಿ ಉದುರಿಸಲು ದೊಡ್ಡಮ್ಮ ಸ್ಕೇಲನ್ನು ಮೇಜಿನ ಅಂಚಿಗೆ ಟಕ್ ಟಕ್ ಎಂದು ಎರಡು ಸಲ ಬಡಿಯುವಳು. ಒಂದು ಕೋಟಿಗೆ ಆರು ತುಂಡು, ಆರು ಸಲ ಟಕ್ ಟಕ್. ಅವಳಿಗೆ ಅದು ಗೋಡೆ ಗಡಿಯಾರದ ಹಾಗೆ, ಕೇಳಿಸುತ್ತಲೇ ಇರಲಿಲ್ಲ. ತಂಗಿ ಮಾತ್ರ ಬಂದಾಗಲೆಲ್ಲ, “ನಿಲ್ಸೇ ಅದನ್ನ, ನನ್ನ ತಲೆ ಮೇಲೆ ಮೊಳೆ ಹೊಡೆದ ಹಾಗಾಗತ್ತೆ,” ಎಂದು ಗೊಣಗುತ್ತಿದ್ದಳು. ಈಗ ಸ್ಕೇಲನ್ನು ಚೀಲದಿಂದ ಎಳೆದುಕೊಳ್ಳುವಾಗ ದೊಡ್ಡಮ್ಮನ ಮೈಮೇಲೆ ಮುಳ್ಳೆದ್ದಿತು. ಬಾಯಲ್ಲಿ ಮಾತ್ರ, “ಸರಿ ಕಣೇ, ಮೆತ್ತಗೆ ಬಡೀತೀನಿ,” ಎಂದಳು, ಯಾರಿಗೆಂದು ಯೋಚಿಸದೆ.

ಕೋಟುಗಳನ್ನು ಒಯ್ಯಲು ಬಂದ ಹೆಡ್ ನರ್ಸು ಬಾಗಿಲ ಗಂಟೆ ಒತ್ತಿದಾಗ ಮಸಿ ಒಮ್ಮೆ ಬೊಗಳಿ ಚಾಪೆಗೆ ಹೋಗಿ ಮಲಗಿತು.

“ನಮ್ಮ ವಾರ್ಡಿನ ಹುಡುಗೀರನ್ನ ಒಂದು ತಿಂಗಳು ನಿಮ್ಮಲ್ಲಿಗೆ ಕಳಿಸ್ಲಾ ಟೈಲರಮ್ಮ? ಒಂದು ಗಂಟೆ ಬಾರಿಸಿದ್ರೆ ನಾಲ್ಕು ಜನ ಓಡಿ ಬರ್ತಾರೆ, ನಾಲ್ಕೂ ಜನ ಯಾಕೆ ಬಂದ್ವಿ ಅಂತ ಮರೀತಾರೆ.”

“ಇದೂ ಗೇಟಿನ ಹತ್ತಿರ ಮರೆಯತ್ತೆ ಸಿಸ್ಟರ್,” ಎಂದು ದೊಡ್ಡಮ್ಮ ಇದ್ದದ್ದನ್ನು ಹೇಳಿದಳು. ಬಲಭುಜದ ವಿಷಯವೊಂದನ್ನು ಬಿಟ್ಟು.

“ಬರೆದಿಡಿ,” ಎಂದಳು ಹೆಡ್ ನರ್ಸು, ಕೋಟಿನ ಜೇಬಿನೊಳಗೆ ಕೈ ಹಾಕಿ ಹೊಲಿಗೆ ಪರೀಕ್ಷಿಸುತ್ತ. “ಜ್ವರ ಯಾಕೆ ಬರತ್ತೆ ಅಂತ ಗೊತ್ತಾಗದಿದ್ರೆ ನಾವು ಅದನ್ನೇ ಮಾಡೋದು. ಯಾವ ಹೊತ್ತಿಗೆ ಬಂತು, ಆಗ ಏನು ನಡೀತಿತ್ತು. ಊಹೆ ಮಾಡಬೇಡಿ, ಬರೆದಿಡಿ ಅಷ್ಟೇ.”

ದೊಡ್ಡಮ್ಮ ಅಳತೆ ಬರೆಯುವ ಚೀಟಿಗಳ ಹಿಂಬದಿಯಲ್ಲಿ ಬರೆದಳು. ಸೋಮವಾರ ಹತ್ತೂ ಇಪ್ಪತ್ತು: ಎದ್ದಿತು, ನಾನು ಬೆನ್ನಿನ ತುಂಡು ಗುರುತು ಹಾಕಿ ಮುಗಿಸಿದೆ. ಹತ್ತೂ ಮೂವತ್ತೈದು: ಎದ್ದಿತು, ಎಡ ತೋಳು ಮುಗಿಯಿತು. ಮಂಗಳವಾರ ಮಧ್ಯಾಹ್ನ ಮೂರು: ಎದ್ದಿತು, ಕಾಲರು. ಬುಧವಾರ: ಏಳಲೇ ಇಲ್ಲ. ನಲವತ್ತು ನಿಮಿಷ. ಎರಡು ಕೋಟು ಗುರುತು ಹಾಕಿದೆ. ಫ್ಲಾನೆಲ್ ತೆಗೆಯಲು ಮರೆತಿದ್ದೆ.

ಬರೆದದ್ದನ್ನು ಎರಡು ಸಲ ಓದಿದಳು. ಅದರಲ್ಲಿ ಅವಳಿಗೆ ಕಂಡದ್ದು ಒಂದೇ: ಫ್ಲಾನೆಲ್ ಇದ್ದರೆ ತಂಗಿ ಸುಮ್ಮನಿರುತ್ತಾಳೆ.

ಹಾಗೆಂದು ಮನಸ್ಸಿನಲ್ಲಿ ಪದಪದವಾಗಿ ಬಂದುಬಿಟ್ಟಾಗ ಅವಳಿಗೇ ಹೆದರಿಕೆಯಾಯಿತು. ಅಂದೇ ಸಂಜೆಯ ಮೊದಲು, ಶಾಲೆಯಿಂದ ಬಂದ ಗುಂಡಿಯನ್ನು ಪಕ್ಕದ ಮನೆಯಲ್ಲಿ ಬಿಟ್ಟು, ಮಸಿಯನ್ನು ಹಿಡಿದುಕೊಂಡು ನಾಯಿ ಮೇಷ್ಟ್ರನ್ನು ಹುಡುಕಿ ಹೊರಟಳು.

ನಾಯಿ ಮೇಷ್ಟ್ರು ಎಂದರೆ ರಿಟೈರಾದ ಡ್ರಿಲ್ ಮೇಷ್ಟ್ರು. ಶಾಲೆಯ ಆಟದ ಬಯಲಿನಲ್ಲಿ ನಾಯಿಗಳಿಗೆ ಪಾಠ ಹೇಳುತ್ತಿದ್ದರು. ಮಸಿ ಮರಿಯಾಗಿದ್ದಾಗ ತಂಗಿ ಅಕ್ಕನ ಮನೆಗೆ ಬಂದಾಗಲೆಲ್ಲ ಅದನ್ನು ಅವರ ಬಳಿಗೇ ಕರೆತರುತ್ತಿದ್ದಳು. ಕೊರಳಲ್ಲಿ ಈಗಲೂ ಸೀಟಿ, ಮರದ ಬೆಂಚಿನ ಮೇಲೆ ಕೂತು ಒಂದು ಡೊಳ್ಳುಹೊಟ್ಟೆಯ ನಾಯಿಗೆ ಬೈಯುತ್ತಿದ್ದರು. ಮಸಿಯನ್ನು ಕಂಡು ಎದ್ದರು. ಸುದ್ದಿ ಅವರಿಗೆ ಗೊತ್ತಿತ್ತು. ಅದರ ತಲೆಯ ಮೇಲೆ ಕೈಯಿಟ್ಟರು.

“ಮೂವತ್ತು ವರ್ಷ ಮಕ್ಕಳಿಗೆ ಡ್ರಿಲ್ ಹೇಳ್ಕೊಟ್ಟೆ ತಾಯಿ, ಒಬ್ಬನೂ ಸಾಲಲ್ಲಿ ನೆಟ್ಟಗೆ ನಿಲ್ಲಲಿಲ್ಲ. ಇದು ನಾಲ್ಕೇ ಕ್ಲಾಸಿಗೆ ಕಲೀತು. ಇದು ತಾನಾಗಿ ಎದ್ದು ಹೋಯ್ತು ಅಂದ್ರೆ ನಾನು ಇವತ್ತಿಗೂ ಒಪ್ಪಲ್ಲ.”

“ನಾನು ಪಕ್ಕದಲ್ಲಿದ್ರೆ ಕೂರತ್ತೆ ಮೇಷ್ಟ್ರೇ. ಒಳಗೆ ಹೋದ್ರೆ ಎದ್ದು ಹೋಗತ್ತೆ.”

“ಏಳೋದಕ್ಕೆ ಏನು ಮಾಡ್ತೀರಿ?”

“ಏಳೋದಕ್ಕಾ? ಏನೂ ಮಾಡಲ್ಲ. ಹಗ್ಗ ಹಿಡಿದು ಕರ್ಕೊಂಡು ಬರ್ತೀನಿ.”

“ಅಯ್ಯೋ, ಕೂರು ಅನ್ನೋದು ಅರ್ಧ ಪಾಠ ಅಲ್ವಾ. ಸಾಕು, ಇನ್ನು ನನ್ನ ಹತ್ತಿರ ಬಾ ಅಂತ ಹೇಳೋದು ಇನ್ನರ್ಧ. ನಿಮ್ಮ ತಂಗಿ ಹೇಳಿರ್ಲಿಲ್ವಾ? ಭಾರಿ ಜಾಗ್ರತೆ ಹೆಂಗಸು ಆಕೆ. ‘ಬಾ, ಹೋಗು ಅಂತ ದಾರೀಲಿ ಹೋಗೋರೆಲ್ಲ ಅಂತಿರ್ತಾರೆ ಮೇಷ್ಟ್ರೇ, ಅದನ್ನ ಕೇಳಿ ನಮ್ಮದು ಎದ್ದು ರಸ್ತೆಗೆ ಹೋದ್ರೆ ಏನು ಗತಿ? ಯಾರೂ ಸುಮ್ಮಸುಮ್ಮನೆ ಮಾಡದಂಥದ್ದು ಏನಾದ್ರೂ ಹೇಳ್ಕೊಡಿ,’ ಅಂದ್ಳು. ಅದಕ್ಕೇ ಮಾತೇ ಬೇಡ ಅಂತ ಇದನ್ನ ಕಲಿಸಿದ್ವಿ.”

ಮೇಷ್ಟ್ರು ಬಗ್ಗಿ, ಬೆಂಚಿನ ಮರಕ್ಕೆ ಬೆರಳ ಗೆಣ್ಣಿನಿಂದ ಎರಡು ಸಲ ಬಡಿದರು.

ಟಕ್ ಟಕ್.

ದೊಡ್ಡಮ್ಮನ ಕಾಲ ಬಳಿ ಕೂತಿದ್ದ ಮಸಿಯ ಕಿವಿ ನೆಟ್ಟಗಾಯಿತು. ಮೇಷ್ಟ್ರ ಮುಖವನ್ನಲ್ಲ, ಕೈಯನ್ನು ನೋಡಿತು. ಒಮ್ಮೆ ಬಾಲ ಆಡಿಸಿ, ಎದ್ದು, ಅವರ ಬಳಿಗೆ ನಡೆಯಿತು.

“ನೋಡಿದ್ರಾ? ಮರೆತಿಲ್ಲ,” ಎಂದರು ಮೇಷ್ಟ್ರು ಹಿಗ್ಗಿನಿಂದ.

ದೊಡ್ಡಮ್ಮ ಬೆಂಚಿನ ಮೇಲೆ ಕೂತಳು. ಮೇಷ್ಟ್ರು ಇನ್ನೂ ಏನೋ ಹೇಳುತ್ತಿದ್ದರು, ಹಳೆಯ ಗುರುತು ಬಿಡಿಸಿ ಹೊಸದನ್ನು ಕಲಿಸಲು ಮೂರೇ ದಿನ ಸಾಕು ಎಂದೋ, ಸೀಟಿ ಒಳ್ಳೆಯದು ಎಂದೋ. ಅವಳ ಕಣ್ಣ ಮುಂದೆ ಇದ್ದದ್ದು ಏಳು ತಿಂಗಳ ಹಿಂದಿನ ಆ ಬಿಳಿ ಬಟ್ಟೆ. ಬೆನ್ನಿನ ತುಂಡು. ಕೆಳ ಅಂಚಿನ ಗೆರೆ ಎಳೆದಾಗಿತ್ತು. “ಹೋಗಿ ಬಾರೇ,” ಎಂದಾಗಿತ್ತು. ಮಗು ಬಾಟಲಿಗೆಂದು ಒಳಗೆ ಬಂದು ಮೇಜಿನ ಪಕ್ಕದಲ್ಲಿತ್ತು. ಆಮೇಲೆ ತನ್ನ ಕೈ ಏನು ಮಾಡಿತು ಎಂಬ ನೆನಪು ಅವಳಿಗಿರಲಿಲ್ಲ. ಇರಬೇಕಾದ ಅಗತ್ಯವೂ ಇರಲಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ಕೈ ಮಾಡುತ್ತ ಬಂದದ್ದು ಒಂದೇ.

ಮನೆಗೆ ಬರುವಾಗ ಮಸಿ ಅವಳ ಎಡಗಡೆ, ಕಾಲಿಗೆ ಕಾಲು ಕೂಡಿಸಿ, ರಸ್ತೆಯ ಅಂಚು ಬಂದಲ್ಲೆಲ್ಲ ತಾನಾಗಿ ನಿಂತು ನಡೆಯಿತು. ಪ್ರತಿ ಸಲ ನಿಂತಾಗಲೂ ಮುಖ ಎತ್ತಿ ಅವಳನ್ನು ನೋಡುತ್ತಿತ್ತು. ಅವಳಿಗೆ ಅದರ ಕಣ್ಣಿಗೆ ಕಣ್ಣು ಕೊಡಲಾಗಲಿಲ್ಲ.

ಮರುದಿನ ಬೆಳಗ್ಗೆ ಅವಳು ಬೇಗ ಎದ್ದು ಹೊಲಿಗೆ ಕೋಣೆಯ ಬಾಗಿಲ ಹಿಂದೆ ನಿಂತಳು. ಗುಂಡಿ ಬರಿಗಾಲಿನಲ್ಲಿ ಬಂತು. ಡಬ್ಬಿಯಿಂದ ಫ್ಲಾನೆಲ್ ತೆಗೆದು, ನೆಲದ ಮೇಲೆ ಹರವಿ, ಅಂಚಿಗೆ ಅಂಚು ಕೂಡಿಸಿ ನಾಲ್ಕು ಮಡಿಕೆ ಮಾಡಿ, ಹಿಮ್ಮಡಿ ಎತ್ತಿ ಮೇಜಿನ ಬಲ ಅಂಚಿಗೆ ಇಟ್ಟಿತು. ಅಂಗೈಯಿಂದ ಒಮ್ಮೆ ಒತ್ತಿ ನೋಡಿತು. ತಿರುಗಿದಾಗ ದೊಡ್ಡಮ್ಮ ಕಂಡಳು.

ಅವಳು ಬಾಗಿಲು ಬಿಟ್ಟು ಮೇಜಿನ ಬಳಿಗೆ ಬಂದಳು.

“ಅವತ್ತು ನೀನು ಇಲ್ಲೇ ಇದ್ದೆ,” ಎಂದಳು ದೊಡ್ಡಮ್ಮ.

ಮಗು ತಲೆಯಾಡಿಸಿತು.

“ನಿನಗೆ ಗೊತ್ತಿತ್ತು. ಅಮ್ಮ ಹಾಗೆ ಬಡಿದ್ರೆ ಅದು ಏಳತ್ತೆ ಅಂತ.”

“ನಾನೂ ಬಡೀತಿದ್ದೆ, ಮನೇಲಿ. ಅಮ್ಮ ಬೈತಿದ್ರು, ಆಟಕ್ಕೆಲ್ಲ ಬಡೀಬೇಡ ಅಂತ.” ಗುಂಡಿ ಫ್ಲಾನೆಲ್ಲಿನ ನೂಲೊಂದನ್ನು ಕಿತ್ತು ಬೆರಳಿಗೆ ಸುತ್ತಿಕೊಂಡಿತು. “ಅಪ್ಪನಿಗೆ ಹೇಳ್ಬೇಡ ದೊಡ್ಡಮ್ಮ. ಹೇಳಿದ್ರೆ ನನ್ನ ಇಲ್ಲಿಂದ ಕರ್ಕೊಂಡು ಹೋಗಿ ಹಾಸ್ಟೆಲಿಗೆ ಹಾಕ್ಬಿಡ್ತಾರೆ. ನಿನ್ನ ಜೊತೆ ಮಾತಾಡಲ್ಲ. ಬಟ್ಟೆ ಇಟ್ರೆ ಸದ್ದು ಬರಲ್ಲ. ಸದ್ದು ಬರದಿದ್ರೆ ಮಸಿ ಏಳಲ್ಲ. ಭಾನುವಾರ ಪಾಸ್ ಆಗತ್ತೆ.”

ಏಳು ತಿಂಗಳಿಂದ ಈ ಒಂಬತ್ತು ವರ್ಷದ ಕೂಸು ಇದನ್ನು ಒಬ್ಬಳೇ ಹೊತ್ತುಕೊಂಡು, ದಿನಕ್ಕೆ ಮೂರು ಹೊತ್ತು ಸ್ಕೇಲು ಬಡಿದ ಆ ಕೈಯಿಂದಲೇ ತುತ್ತು ತಿನ್ನುತ್ತಿತ್ತು. ದೊಡ್ಡಮ್ಮ ಮೊಳೆಯ ಮೇಲಿನ ಕೈಚೀಲದ ಕಡೆ ನೋಡಿದಳು.

“ಸ್ಕೇಲು ಬಚ್ಚಿಟ್ಟಿದ್ದೂ ನೀನೇನಾ?”

“ಇಲ್ಲ,” ಎಂದಿತು ಗುಂಡಿ. “ಅಮ್ಮನ ಚೀಲ ಅಷ್ಟು ಎತ್ತರದಲ್ಲಿದೆ. ನನಗೆ ಎಟುಕಲ್ಲ.”

ಚೀಲ ಎತ್ತರದಲ್ಲಿತ್ತು ನಿಜ. ಮನೆಯಲ್ಲಿ ಅಷ್ಟೆತ್ತರಕ್ಕೆ ಎಟುಕುವ ಕೈ ತನ್ನದೊಂದೇ. ತಾನೇ ಇಟ್ಟಿರಬೇಕು, ತಲೆಗೆ ತಿಳಿಯುವ ಮೊದಲೇ ಕೈಗೆ ತಿಳಿದಿರಬೇಕು ಎಂದುಕೊಂಡಳು. ಆದರೆ ಇಟ್ಟ ನೆನಪು ಎಷ್ಟು ತಡಕಿದರೂ ಸಿಗಲಿಲ್ಲ.

ಭಾನುವಾರ ಹನ್ನೊಂದಕ್ಕೆ ತಂಗಿಯ ಗಂಡ ಬಂದ. ಇಸ್ತ್ರಿಯಿಲ್ಲದ ಅಂಗಿ, ನಿದ್ದೆಗೆಟ್ಟ ಕಣ್ಣು. ಕಾಫಿ ಬೇಡವೆಂದ. ಗೇಟನ್ನು ತಾನೇ ಎರಡೂ ಕಡೆಗೆ ಪೂರ್ತಿ ತೆರೆದ. ದೊಡ್ಡಮ್ಮ ಹಗ್ಗದ ಗಂಟನ್ನು ಮತ್ತೆ ಎಳೆದು ನೋಡಿ, ಮಸಿಯನ್ನು ಕೂರಿಸಿ, ಒಳಗೆ ಮೇಜಿನ ಬಳಿಗೆ ಹೋದಳು. ಫ್ಲಾನೆಲ್ ಅದರ ಜಾಗದಲ್ಲಿತ್ತು. ಗುಂಡಿ ಮೇಜಿನ ಪಕ್ಕದಲ್ಲಿತ್ತು, ಅಂದು ನಿಂತಿದ್ದ ಕಡೆಯೇ.

ಅವನು ರಸ್ತೆ ದಾಟಿ ಆಚೆ ಬದಿಗೆ ಹೋದ. “ಮಸಿ, ಬಾ,” ಎಂದ. ಅದು ಕೂತಿತ್ತು. ಜೇಬಿನಿಂದ ಬಿಸ್ಕತ್ತು ತೆಗೆದು ರಸ್ತೆಗೆ ಎಸೆದ. ಅದು ಕೂತಿತ್ತು. ಟ್ರಾಕ್ಟರೊಂದು ಗಡಗಡಿಸಿಕೊಂಡು ಹೋಗಿ ಬಿಸ್ಕತ್ತು ಪುಡಿಯಾಯಿತು. ಅದು ಕೂತೇ ಇತ್ತು. ಇಪ್ಪತ್ತು ನಿಮಿಷವಾದ ಮೇಲೆ ಅವನು ವಾಪಸು ಬಂದು ಕಿಟಕಿಯ ಹೊರಗೆ ನಿಂತ.

“ಮಾತು ಉಳಿಸ್ಕೊಂಡ್ರಿ ಅಕ್ಕ. ಇರಲಿ ಬಿಡಿ ಇಲ್ಲೇ.” ನಾಯಿಯ ಕಡೆ ನೋಡಿದ. ಆ ನೋಟ ಬದಲಾಗಿರಲಿಲ್ಲ. “ಅವತ್ತೊಂದು ದಿನ ಹೀಗೆ ಕೂತಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ? ಅವಳು ಅಷ್ಟು ಪ್ರೀತಿಯಿಂದ ಸಾಕಿದ್ಲು. ಅವಳನ್ನೇ ತಿಂದ್ಯಲ್ಲೋ.”

ಮಸಿ ತನ್ನ ಹೆಸರು ಬಂದಿತೇನೋ ಎಂಬಂತೆ ಕಿವಿ ಆಡಿಸಿ, ಮತ್ತೆ ಮುಂದೆ ನೋಡಿಕೊಂಡು ಕೂತಿತು.

ಎಲ್ಲ ಮುಗಿದಿತ್ತು. ಮಗು ಉಳಿಯಿತು, ನಾಯಿ ಉಳಿಯಿತು. ದೊಡ್ಡಮ್ಮ ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಅವಳು ಫ್ಲಾನೆಲ್ಲನ್ನು ತೆಗೆದಳು.

“ಬೇಡ ದೊಡ್ಡಮ್ಮ,” ಎಂದಿತು ಗುಂಡಿ ಪಿಸುದನಿಯಲ್ಲಿ.

“ಇಲ್ಲಿ ನೋಡಿ,” ಎಂದಳು ಅವಳು ತಂಗಿಯ ಗಂಡನಿಗೆ. “ನನ್ನ ಕೈ ನೋಡಬೇಡಿ. ಅದನ್ನ ನೋಡಿ.”

ಸ್ಕೇಲನ್ನು ಮೇಜಿನ ಅಂಚಿಗೆ ಬಡಿದಳು. ಟಕ್ ಟಕ್.

ಮಸಿ ತಿರುಗಿ ನೋಡಿತು, ಬಾಲ ಆಡಿಸಿತು, ಎದ್ದು ರಸ್ತೆಗೆ ನಡೆಯಿತು. ಹಗ್ಗ ಸೆಳೆದಲ್ಲಿ ನಿಂತು ಆಚೆ ಬದಿಯನ್ನು ನೋಡಿತು.

ಅವನಿಗೆ ಅರ್ಥವಾಗಲಿಲ್ಲ. ನಾಯಿಯನ್ನು ಎಳೆದು ತಂದು ಕೂರಿಸಿದ. “ಇನ್ನೊಂದು ಸಲ,” ಎಂದ. ಅವಳು ಇನ್ನೊಂದು ಸಲ ಬಡಿದಳು. ಅದು ಇನ್ನೊಂದು ಸಲ ಎದ್ದು ನಡೆಯಿತು.

“ಅವಳು ಕಲಿಸಿದ್ದು ಅದು,” ಎಂದಳು ದೊಡ್ಡಮ್ಮ. “ಹಾಗೆ ಬಡಿದ್ರೆ ನನ್ನ ಹತ್ತಿರ ಬಾ ಅಂತ ಅರ್ಥ. ಅವತ್ತು ಅದು ತಾನಾಗಿ ಏಳಲಿಲ್ಲ. ಅವಳು ಕರೆದ್ಲು ಅಂದ್ಕೊಂಡು ಅವಳ ಹತ್ತಿರಾನೇ ಹೋಗ್ತಿತ್ತು. ಬಡಿದೋಳು ನಾನು. ಬಿಳಿ ಕೋಟಿಗೆ ಗೆರೆ ಹಾಕ್ತಿದ್ದೆ.”

ಅವನು ಹಗ್ಗ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತ. ಅತ್ತರೆ, ಬೈದರೆ, ಎದ್ದು ಬಂದು ಮೇಜು ಉರುಳಿಸಿದರೆ ಅವಳಿಗೆ ಹಗುರಾಗುತ್ತಿತ್ತು. ಅವನು ಯಾವುದನ್ನೂ ಮಾಡಲಿಲ್ಲ.

“ಅವಳು ನಿಮಗೆ ಹೇಳಿರ್ಲಿಲ್ವಾ ಅಕ್ಕ? ಈ ಬಡಿಯೋ ವಿಷಯ?”

ಏಳು ತಿಂಗಳು ಯಾರೂ ಕೇಳದ ಪ್ರಶ್ನೆ. ನಾಯಿ ಮೇಷ್ಟ್ರು ಕೇಳಿದಾಗಿನಿಂದ ಅವಳು ಅದನ್ನೇ ಮಗುಚಿ ಮಗುಚಿ ನೋಡುತ್ತಿದ್ದಳು. ತಂಗಿ ಆ ಎರಡು ದಿನವೂ ಈ ಕೋಣೆಯಲ್ಲೇ ಕೂತು ಮಾತಾಡಿದ್ದಳು. ನಿಲ್ಲಿಸೇ ಅದನ್ನ ಎಂದಿದ್ದಳು. ಅದರ ಹಿಂದೆ ಇನ್ನೂ ಏನೋ ಹೇಳಿದ್ದಳು, ನಾಯಿಯ ಕಡೆ ಕೈ ತೋರಿಸಿ, ನಕ್ಕು.

“ಹೇಳಿರ್ಬಹುದು,” ಎಂದಳು. “ಮಿಷನ್ ಓಡ್ತಿತ್ತು.”

ಅವನು ಮಧ್ಯಾಹ್ನದವರೆಗೆ ಆ ಮೆಟ್ಟಿಲ ಮೇಲೆಯೇ ಇದ್ದ. ಮಸಿ ಮೊದಲು ದೂರ ಕೂತಿತು; ಆಮೇಲೆ ಹತ್ತಿರ ಬಂದು, ಮೈಮೇಲೆ ಹಾರದೆ, ಕಲಿಸಿದ ಹಾಗೆ ಪಕ್ಕದಲ್ಲಿ ಕೂತಿತು. ಅವನ ಕೈ ಅದರ ಬೆನ್ನಿನ ಮೇಲೆ ಯಾವಾಗ ಹೋಯಿತೋ ಕಿಟಕಿಯಲ್ಲಿ ನಿಂತವಳಿಗೆ ಗೊತ್ತಾಗಲಿಲ್ಲ. ಹೊರಡುವಾಗ ಒಳಗೆ ಬಂದು ಗುಂಡಿಯ ತಲೆ ಸವರಿದ. ದೊಡ್ಡಮ್ಮನ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಸ್ಕೇಲನ್ನು ಎತ್ತಿ ತನ್ನ ಚೀಲಕ್ಕೆ ಹಾಕಿಕೊಂಡ.

“ಮಗು ಇಲ್ಲೇ ಇರಲಿ,” ಎಂದ ಬಾಗಿಲಿಗೆ. “ನಾನು ಯಾವಾಗ ಬರ್ತೀನಿ ಅಂತ ಹೇಳೋಕಾಗಲ್ಲ ಅಕ್ಕ.”

ಸೋಮವಾರ ಗುಂಡಿ ಶಾಲೆಗೆ ಹೋದ ಮೇಲೆ ದೊಡ್ಡಮ್ಮ ಗೇಟು ತೆರೆದು, ಮಸಿಯನ್ನು ಕೂರಿಸಿ, ಒಳಗೆ ಬಂದಳು. ಹೊಸ ಗುರುತು ಕಲಿಸಬೇಕಿತ್ತು. ಕೊರಳಲ್ಲಿ ಮೇಷ್ಟ್ರು ಕೊಟ್ಟ ಸೀಟಿ ಇತ್ತು. ಹಳೆಯ ಪ್ಲಾಸ್ಟಿಕ್ ಸ್ಕೇಲಿನಿಂದ ಬೆನ್ನಿನ ತುಂಡಿಗೆ ಗೆರೆ ಎಳೆದಳು. ಗೆರೆ ಮುಗಿಯಿತು. ಅವಳ ಬಲಗೈ ತಾನಾಗಿ ಮೇಲೆದ್ದಿತು, ಅವಳು ಅದನ್ನು ಗಾಳಿಯಲ್ಲೇ ಹಿಡಿದು ನಿಲ್ಲಿಸಿದಳು. ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಒತ್ತಿ ಹಿಡಿದುಕೊಂಡು ನಿಂತಳು. ಸದ್ದೇ ಆಗಲಿಲ್ಲ.

ಗೇಟಿನಲ್ಲಿ ಮಸಿಯ ಕಿವಿ ನೆಟ್ಟಗಾಯಿತು. ಅದು ತಿರುಗಿ ಕಿಟಕಿಯತ್ತ ನೋಡಿತು, ಅವಳ ಬಲಭುಜದಿಂದ ತುಸು ಆಚೆಗೆ. ಬಹಳ ಹೊತ್ತು ನೋಡಿತು. ಏಳಲಿಲ್ಲ.

ದೊಡ್ಡಮ್ಮ ಆ ಕಡೆಗೆ ತಿರುಗಲಿಲ್ಲ. ಮೇಜಿನ ಬಲಕ್ಕೆ ಬಿಟ್ಟಿದ್ದ ಜಾಗವನ್ನು ಹಾಗೆಯೇ ಬಿಟ್ಟು, ಮುಂದಿನ ತುಂಡು ಬಟ್ಟೆಯನ್ನು ಹರವಿದಳು.